ಹೊತ್ತು ಕೊಟ್ಟು ಆಡಿದ ಆಟ

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ನಮ್ಮ ತಂದೆ ಕನ್ನಡಕ ತೆಗೆದಿಟ್ಟು, ‘ಅಂತೂ ನಿನ್ ಆಟನೂ ಮುಚ್ಚುಸ್ಬುಟ್ರು ಕನಪ್ಪ’ ಎಂದರು. ಅವರ ದನಿಯಲ್ಲಿ ಸಮಾಧಾನವಿತ್ತು, ಜೊತೆಗೆ ತುಸು ಕನಿಕರವೂ ಇತ್ತು. ಹಣ ಕಟ್ಟಿ ಆಡುವ ಮೊಬೈಲ್ ರಮ್ಮಿಗೂ, ಸುಮಾರು 20 ವರ್ಷಗಳ ಹಿಂದೆ ಕೊಳ್ಳೇಗಾಲದ ಸೈಬರ್ ಸೆಂಟರಿನಲ್ಲಿ ಕುಳಿತು ನಾನು ಆಡುತ್ತಿದ್ದ ಆಟಕ್ಕೂ ಅವರ ಲೆಕ್ಕದಲ್ಲಿ ಭೇದವಿಲ್ಲ. ಎರಡೂ ಪರದೆಯ ಮೇಲಿನವು, ಎರಡೂ ಮಕ್ಕಳನ್ನು ಕೆಡಿಸುವಂಥವು.

ಇದು ಅವರೊಬ್ಬರ ಅಭಿಪ್ರಾಯವಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಶಾಲೆಯ ಪೋಷಕರ ಸಭೆಯಲ್ಲಿ, ಟೀವಿ ಚರ್ಚೆಗಳಲ್ಲಿ, ಊರ ಹಿರಿಯರ ಮಾತಿನಲ್ಲಿ ‘ಆನ್‌ಲೈನ್ ಗೇಮ್’ ಎಂಬ ಒಂದೇ ಗೋಣಿಚೀಲಕ್ಕೆ ಎಲ್ಲವನ್ನೂ ತುಂಬಲಾಗುತ್ತಿದೆ. ಅರಮನೆಯಲ್ಲಿ ಧರ್ಮರಾಯ ಆಡಿದ್ದು ಪಗಡೆ. ಆಷಾಢದ ಮಳೆಯಲ್ಲಿ ನಮ್ಮ ಅಜ್ಜಿಯರು ಆಡುತ್ತಿದ್ದದ್ದೂ ಪಗಡೆ, ಚೌಕಾಬಾರ, ಅಳಗುಳಿಮಣೆ. ಕಾಯಿ ನಡೆಸುವ ಆಟಗಳೆಂದು ಇವೆಲ್ಲವನ್ನೂ ಯಾರೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಪರದೆಯ ಆಟಗಳ ವಿಷಯದಲ್ಲಿ ಮಾತ್ರ ಈ ವಿವೇಕ ನಮಗೆ ಕೈಕೊಟ್ಟಿದೆ. ಅದನ್ನು ವಿವರಿಸಲು ನಾನು ಆ ಹಳೆಯ ಆಟದ ಬಳಿಗೇ ಹೋಗಬೇಕು.

ಆಟದ ಹೆಸರು ರೂನ್‌ಸ್ಕೇಪ್. ಇಂಗ್ಲೆಂಡಿನ ಆಂಡ್ರ್ಯೂ ಗೋವರ್ ಎಂಬ ಯುವಕ ತನ್ನ ಸೋದರನ ಜೊತೆ ಸೇರಿ 2001ರ ಜನವರಿಯಲ್ಲಿ ಅದನ್ನು ಲೋಕಕ್ಕೆ ಬಿಟ್ಟ. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕುಳಿತ ಸಾವಿರಾರು ಜನ ಏಕಕಾಲಕ್ಕೆ ಒಂದೇ ಕಾಲ್ಪನಿಕ ನಾಡಿನಲ್ಲಿ ತಮ್ಮದೊಂದು ಪಾತ್ರ ಕಟ್ಟಿಕೊಂಡು ಓಡಾಡುವ ಆಟ ಅದು. ಇಂಥ ಆಟಗಳ ಮೂಲಪುರುಷ ಹುಟ್ಟಿದ್ದು 1978ರಲ್ಲಿ, ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಕೈಯಲ್ಲಿ. ಸಹಪಾಠಿ ರಿಚರ್ಡ್ ಬಾರ್ಟ್ಲ್ ಅದನ್ನು ಮುಂದುವರಿಸಿದ. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. 1997ರ ಅಲ್ಟಿಮಾ ಆನ್‌ಲೈನ್, 1999ರ ಎವರ್‌ಕ್ವೆಸ್ಟ್ ಮುಂತಾದವು ಚಿತ್ರದ ಸಮೇತ ಬಂದವು. ಆದರೆ ಅವನ್ನು ಆಡಲು ಡಿಸ್ಕ್ ಕೊಳ್ಳಬೇಕು, ತಿಂಗಳ ಬಾಡಿಗೆ ತೆರಬೇಕು, ಬಲವಾದ ಕಂಪ್ಯೂಟರ್ ಬೇಕು. ರೂನ್‌ಸ್ಕೇಪ್‌ಗೆ ಬೇಕಿದ್ದದ್ದು ಒಂದು ಬ್ರೌಸರ್ ಮಾತ್ರ. ನಾಡಿನ ಒಂದು ಭಾಗಕ್ಕೆ ಎಲ್ಲರಿಗೂ ಪುಕ್ಕಟೆ ಪ್ರವೇಶವಿತ್ತು. ಅದು ಕೊಳ್ಳೇಗಾಲದವರೆಗೆ ಬಂದದ್ದು ಈ ಕಾರಣದಿಂದ.

2006ರ ಮಾತು. ನಾವು ಮೂವರು ಪಿಯುಸಿ ಓದುತ್ತಿದ್ದೆವು. ನಾನು ನೇಕಾರರ ಬೀದಿಯವನು, ಮನೆಯಲ್ಲಿ ರೇಷ್ಮೆ ಮಗ್ಗ. ಎರಡನೆಯವನು ಯಳಂದೂರಿನವನು. ಮೂರನೆಯವನದು ಹನೂರಿನ ಆಚೆಗಿನ ಹಳ್ಳಿ. ಆಗಿನ್ನೂ ಹನೂರು ತಾಲ್ಲೂಕು ಕೇಂದ್ರವಾಗಿರಲಿಲ್ಲ, ಕೊಳ್ಳೇಗಾಲ ತಾಲ್ಲೂಕಿನ ಒಂದು ಹೋಬಳಿ. ವೀರಪ್ಪನ್ ಸತ್ತು ಎರಡು ವರ್ಷವಾಗಿದ್ದರೂ ಸಂಜೆಯ ಬಸ್ಸು ತಪ್ಪಿದರೆ ಅವನ ಮನೆಯವರಿಗೆ ದಿಗಿಲು. ಮಹಡಿಯ ಮೇಲಿನ ಆ ಸೈಬರ್ ಸೆಂಟರಿನಲ್ಲಿ ಆರು ಕಂಪ್ಯೂಟರ್‌ಗಳಿದ್ದವು. ಬಾಗಿಲಲ್ಲೇ ಒಂದು ದಪ್ಪ ರಿಜಿಸ್ಟರ್. ಅದರಲ್ಲಿ ಹೆಸರು, ವಿಳಾಸ, ಕುಳಿತ ಹೊತ್ತು, ಎದ್ದ ಹೊತ್ತು ಬರೆಯಬೇಕು. ಗಂಟೆಗೆ 20 ರೂಪಾಯಿ. ಮೂವರ ಕಾಸು ಕೂಡಿಸಿ ಎರಡು ಕಂಪ್ಯೂಟರ್ ಹಿಡಿದರೆ ಒಬ್ಬ ಸದಾ ಹಿಂದೆ ನಿಂತಿರುತ್ತಿದ್ದ.

ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. 1902ರಲ್ಲೇ ನಮ್ಮ ಪಕ್ಕದ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿಸಿ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡಿದು. ನೂರು ವರ್ಷದ ನಂತರವೂ ನಮಗೆ ಲೋಡ್ ಶೆಡ್ಡಿಂಗ್. ಜಗಳದ ಮಧ್ಯೆ ಸಂಪರ್ಕ ಕಡಿದರೂ ಆಟದೊಳಗಿನ ನಮ್ಮ ಪಾತ್ರ ಕೊಂಚ ಹೊತ್ತು ಅಲ್ಲೇ ನಿಂತು ಏಟು ತಿನ್ನುತ್ತಿತ್ತು. ಸತ್ತರೆ ಕೈಯಲ್ಲಿದ್ದುದರಲ್ಲಿ ಬೆಲೆಬಾಳುವ ಮೂರು ವಸ್ತು ಮಾತ್ರ ಉಳಿಯುತ್ತಿದ್ದವು, ಮಿಕ್ಕದ್ದು ನೆಲದ ಪಾಲು. ಕತ್ತಲಲ್ಲಿ ಕುಳಿತು, ಕಾಣದ ನಾಡಿನಲ್ಲಿ ನಮ್ಮವನು ಸತ್ತನೋ ಬದುಕಿದನೋ ಎಂದು ಚಿಂತಿಸಿದ ಆ ನಿಮಿಷಗಳು ಇಂದಿಗೂ ನೆನಪಿವೆ.

ಆಟದಲ್ಲಿ ಏನಿತ್ತು ಎಂದರೆ, ಬಹುಪಾಲು ಕೂಲಿ ಕೆಲಸವಿತ್ತು. ಲಂಬ್ರಿಜ್ ಎಂಬ ಊರಿನಲ್ಲಿ ಬರಿಗೈಯಲ್ಲಿ ಇಳಿಯುವ ಹೊಸಬನಿಗೆ ಅಲ್ಲಿನ ಕೋಟೆಯ ಅಡುಗೆಯವನು ಮೊಟ್ಟೆ, ಹಾಲು, ಹಿಟ್ಟು ತಂದುಕೊಡಲು ಹೇಳುತ್ತಾನೆ. ದೊರೆಗೆ ಕೇಕು ಮಾಡಬೇಕಂತೆ. ಹತ್ತಿರದ ರೈತನೊಬ್ಬನಿಗೆ 20 ಉಂಡೆ ಉಣ್ಣೆ ನೂಲು ಬೇಕು. ಕುರಿಯ ಉಣ್ಣೆ ಕತ್ತರಿಸಿ, ಕೋಟೆಯ ಮಹಡಿಯಲ್ಲಿರುವ ರಾಟೆಯಲ್ಲಿ ನೂತು ಕೊಡಬೇಕು. ಮನೆಯಲ್ಲಿ ಅಪ್ಪನಿಗೆ ನೂಲು ಸುತ್ತಿಕೊಡಲು ಸೋಮಾರಿತನ ತೋರುತ್ತಿದ್ದ ನಾನು ಸೈಬರ್ ಸೆಂಟರಿಗೆ ದುಡ್ಡು ತೆತ್ತು ನೂಲು ನೂತೆ. ಮರ ಕಡಿ, ಮೀನು ಹಿಡಿ, ಅದಿರು ಅಗೆ, ಕಬ್ಬಿಣ ಕರಗಿಸಿ ಕತ್ತಿ ಬಡಿ. ಪ್ರತಿ ಕಸುಬಿಗೂ ಒಂದು ಅಂಕ. ಮಾಡಿದಷ್ಟೂ ಅಂಕ ಏರುತ್ತದೆ. ಅಂಕ 40 ಮುಟ್ಟಿದ ಬೆಸ್ತ ಲಾಬ್‌ಸ್ಟರ್ ಹಿಡಿಯಬಹುದು. ಅದಕ್ಕೆ ಕರಮ್ಜಾ ದ್ವೀಪಕ್ಕೆ ಹೋಗಬೇಕು, ದೋಣಿಗೆ 30 ನಾಣ್ಯ. ಹಿಡಿದದ್ದನ್ನು ಬ್ಯಾಂಕಿನಲ್ಲಿಡಲು ಮತ್ತೆ 30 ನಾಣ್ಯ ಕೊಟ್ಟು ವಾಪಸು ಬಂದು, ಡ್ರೇನರ್ ಊರಿನವರೆಗೆ ನಡೆಯಬೇಕು. ಮೂವರಲ್ಲಿ ಯಾರೂ ಅಲ್ಲಿಯವರೆಗೆ ಕಡಲನ್ನಾಗಲಿ ಲಾಬ್‌ಸ್ಟರನ್ನಾಗಲಿ ಕಂಡಿರಲಿಲ್ಲ. ಹನೂರಿನ ಗೆಳೆಯ ಅದನ್ನು ‘ಕಡಲೇಡಿ’ ಎಂದು ಕರೆದು ಸಮಸ್ಯೆ ಬಗೆಹರಿಸಿದ.

ಅವನ ಮನೆತನ ಸಿದ್ದಪ್ಪಾಜಿಯ ಒಕ್ಕಲು. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಕೇಳುತ್ತ ಬೆಳೆದವನು. ಗುರುವಿನ ಅಪ್ಪಣೆಯಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ, ಅವರೊಡ್ಡಿದ ಪರೀಕ್ಷೆಗಳನ್ನೆಲ್ಲ ಗೆದ್ದ ಕಥೆ ಅವನಿಗೆ ಬಾಯಿಪಾಠ. ಆಟದಲ್ಲಿ ಯಾರಾದರೂ ಒಂದು ಕಾರ್ಯ ಒಪ್ಪಿಸಿದರೆ ಸಾಕು, ‘ಹಲಗೂರಿಗೆ ಹೊಂಟೆ ಕನ್ಲಾ’ ಎಂದು ಎದ್ದುಬಿಡುತ್ತಿದ್ದ. ಇಂಗ್ಲೆಂಡಿನ ಹುಡುಗರು ಕಟ್ಟಿದ ಲೋಕವನ್ನು ನಾವು ಅರ್ಥಮಾಡಿಕೊಂಡದ್ದು ಹೀಗೆ, ನಮ್ಮ ಕಾವ್ಯದ ಮೂಲಕ. ಭೂಪಟದ ಉತ್ತರಕ್ಕೆ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದಾದ ಕಾಡುಭೂಮಿಯೊಂದಿತ್ತು. ಅದರ ಗಡಿಯಲ್ಲಿ ನಾನು ಹಿಂಜರಿದು ನಿಂತಾಗ, ‘ನಮ್ಮೂರ್ ದಾರಿಗಿಂತ ಇದೇ ವಾಸಿ, ನಡಿಲಾ’ ಎಂದವನೂ ಅವನೇ.

ನನಗೆ ಅತ್ಯಂತ ಪ್ರಿಯವಾಗಿದ್ದದ್ದು ಕಾಡಲ್ಲ, ವ್ಯಾರಕ್ ಪಟ್ಟಣದ ಸಂತೆ. ಅಲ್ಲಿನ ಬ್ಯಾಂಕಿನ ಮುಂದೆ ನೂರಾರು ಜನ ಗುಂಪುಗೂಡಿ ತಮ್ಮ ತಮ್ಮ ಸರಕು ಕೂಗುತ್ತಿದ್ದರು. ಕೂಗಿದ್ದೆಲ್ಲ ಅವರವರ ತಲೆಯ ಮೇಲೆ ಹಳದಿ ಅಕ್ಷರದಲ್ಲಿ ಮೂಡುತ್ತಿತ್ತು. ಗಮನ ಸೆಳೆಯಲು ಕೆಲವರು ಅಕ್ಷರಗಳನ್ನು ಅಲೆಯಂತೆ ಕುಣಿಸುತ್ತಿದ್ದರು, ಬಣ್ಣ ಬದಲಿಸುತ್ತಿದ್ದರು. ಅಲ್ಲಿ ನಿಗದಿತ ದರವೆಂಬುದಿರಲಿಲ್ಲ. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳ ಹರಾಜನ್ನು ಕಂಡಿದ್ದ ನಮಗೆ ಚೌಕಾಸಿ ಹೊಸದಲ್ಲ; ಆದರೆ ಇಂಗ್ಲಿಷಿನಲ್ಲಿ ಚೌಕಾಸಿ ಮಾಡಲು ಕಲಿತದ್ದು ಅಲ್ಲಿಯೇ. ತರಗತಿಯಲ್ಲಿ ಎದ್ದು ನಿಂತು ಒಂದು ಇಂಗ್ಲಿಷ್ ವಾಕ್ಯ ಹೇಳಲು ಬೆವರುತ್ತಿದ್ದ ಯಳಂದೂರಿನ ಗೆಳೆಯ ಅಲ್ಲಿ ನಾರ್ವೆಯವನೊಬ್ಬನ ಜೊತೆ ಕಲ್ಲಿದ್ದಲಿನ ದರಕ್ಕಾಗಿ ಅರ್ಧ ಗಂಟೆ ಜಗ್ಗಾಡಿದ್ದ.

ಇನ್ನೊಂದು ಮಾತನ್ನು ಹೇಳದಿದ್ದರೆ ಆ ಸಂತೆಯ ಬೆಲೆ ತಿಳಿಯದು. ನಮ್ಮ ಸೀಮೆಯಲ್ಲಿ ಅಪರಿಚಿತನಿಗೆ ಕೇಳುವ ಮೊದಲ ಪ್ರಶ್ನೆ ‘ಯಾವೂರು’, ಎರಡನೆಯದು ‘ಯಾರ ಪೈಕಿ’. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವಾಗ ದನಿ ತಗ್ಗಿಸಬೇಕಾದವರಿಗೆ ಮಾತ್ರ ಅದರ ಭಾರ ಗೊತ್ತು. ನಮ್ಮ ಮೂವರಲ್ಲಿ ಒಬ್ಬನಿಗೆ ಗೊತ್ತಿತ್ತು. ಆಟದಲ್ಲಿ ನಮ್ಮ ಹೆಸರನ್ನು ನಾವೇ ಇಟ್ಟುಕೊಂಡಿದ್ದೆವು. ಅದರಲ್ಲಿ ಅಪ್ಪನ ಹೆಸರಿಲ್ಲ, ಊರಿಲ್ಲ, ಕುಲವಿಲ್ಲ. ಕೇಳುತ್ತಿದ್ದದ್ದು ಒಂದೇ: ನಿನ್ನ ಅಂಕವೆಷ್ಟು? ಅದು ನಾವು ದುಡಿದು ಗಳಿಸಿದ್ದು. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಎಲ್ಲ ಕುಲದವರೂ ಸಾಲಾಗಿ ಕುಳಿತು ಉಣ್ಣುವುದನ್ನು ನಾವು ಕಂಡಿದ್ದೆವು. ಆ ಪಂಕ್ತಿ ವರ್ಷಕ್ಕೊಮ್ಮೆ. ಮಹಡಿಯ ಮೇಲಿನದು ಗಂಟೆಗೆ 20 ರೂಪಾಯಿಗೆ ದಿನವೂ ಸಿಗುತ್ತಿತ್ತು. ಆಡಿದ ದಿನಗಳನ್ನು ನೆನೆದಾಗ ಅವನು ಮೊದಲು ಹೇಳುವುದು ಇದನ್ನೇ.

ಅಲ್ಲಿ ಮೋಸವಿರಲಿಲ್ಲವೆಂದಲ್ಲ. ನಾಲ್ಕು ತಿಂಗಳು ಕಡಲೇಡಿ ಮಾರಿ ಕೂಡಿಸಿದ ನಾಣ್ಯದಲ್ಲಿ ನಾನು ‘ರೂನ್’ ಲೋಹದ ನೀಲಿ ಗುರಾಣಿ ಮತ್ತು ಕಾಲುಗವಚ ಕೊಂಡಿದ್ದೆ. ಹೊನ್ನಂಚಿನ ಕವಚಗಳೆಂಬುವು ಆ ಲೋಕದಲ್ಲಿ ಅಪರೂಪ. ಸಂತೆಯಲ್ಲಿ ಒಬ್ಬ, ನಿನ್ನ ಕವಚಕ್ಕೆ ಪುಕ್ಕಟೆಯಾಗಿ ಹೊನ್ನಂಚು ಕಟ್ಟಿಕೊಡುತ್ತೇನೆ, ಕೊಡು ಎಂದ. ಕೊಟ್ಟೆ. ಅವನು ಮಾಯವಾದ. ಅಂಚು ಕಟ್ಟುವ ಕಸುಬೇ ಆ ಆಟದಲ್ಲಿ ಇಲ್ಲವೆಂದೂ, ಇದು ಹೊಸಬರನ್ನು ಬೋಳಿಸುವ ಹಳೆಯ ಉಪಾಯವೆಂದೂ ಆಮೇಲೆ ತಿಳಿಯಿತು. ಬೇರೆಯವರಾದರೆ ಅನುಮಾನ ಪಡುತ್ತಿದ್ದರೇನೋ. ಜರಿಯಂಚಿನ ಸೀರೆ ನೇಯುವ ಮನೆಯ ಹುಡುಗನಿಗೆ ಅಂಚು ಕಟ್ಟುವವನು ಒಬ್ಬನಿರುವುದು ಲೋಕದ ಸಹಜ ಸಂಗತಿಯಾಗಿ ಕಂಡಿತ್ತು. ರಾತ್ರಿ ಊಟ ಮಾಡದೆ ಕುಳಿತ ನನ್ನಿಂದ ವಿಷಯ ಹೊರಡಿಸಿದ ಅಪ್ಪ ಕೇಳಿದ್ದು ಇಷ್ಟೇ: ‘ಕೂಲಿ ಇಲ್ದೆ ಅಂಚು ಕಟ್ಕೊಡೋನು ಯಾವೂರೋನ್ಲಾ ಅವನು?’

ಅಂದು ನಾನು ಅತ್ತದ್ದು ನಾಲ್ಕು ತಿಂಗಳ ಹೊತ್ತಿಗೆ, ಹಣಕ್ಕಲ್ಲ. ಆ ಆಟದಲ್ಲಿ ನಾವು ಹೂಡಿದ್ದು ಹೊತ್ತು, ಕಳೆದುಕೊಂಡದ್ದೂ ಹೊತ್ತು. ಸೈಬರ್ ಸೆಂಟರಿನ ಬಾಡಿಗೆ ಬಿಟ್ಟರೆ ಒಂದು ಪೈಸೆಯೂ ಆಟದೊಳಕ್ಕೆ ಹೋಗಲಿಲ್ಲ. ಫಲಾಡೋರ್ ಪಟ್ಟಣದ ಪಶ್ಚಿಮಕ್ಕೆ ಒಂದು ಹೆಬ್ಬಾಗಿಲಿತ್ತು, ಅದರಾಚೆ ತಿಂಗಳ ಚಂದಾ ತೆತ್ತವರ ನಾಡು. ನಾವು ಬಾಗಿಲ ಸಂದಿಯಲ್ಲಿ ಇಣುಕಿ ವಾಪಸಾಗುತ್ತಿದ್ದೆವು.

ಹೊತ್ತಿನ ಈ ಲೆಕ್ಕಕ್ಕೆ ಹಣ ನುಗ್ಗಿದಾಗ ಏನಾಗುತ್ತದೆ ಎಂಬುದಕ್ಕೆ ಇದೇ ಆಟ ಸಾಕ್ಷಿ. ಆಟದ ನಾಣ್ಯಗಳನ್ನು ಹೊರಗೆ ಡಾಲರಿಗೆ ಮಾರುವ ದಂಧೆ ಹಬ್ಬಿತು. ಅದನ್ನು ತಡೆಯಲು ಕಂಪನಿ 2007ರ ಡಿಸೆಂಬರ್‌ನಲ್ಲಿ ಕಾಡುಭೂಮಿಯ ಕಾಳಗವನ್ನು ನಿಲ್ಲಿಸಿತು, ಅದರ ಬೆನ್ನಿಗೇ ಆಟಗಾರರ ನಡುವಿನ ಅಸಮ ವಿನಿಮಯಕ್ಕೆ ಮಿತಿ ಹಾಕಿತು. ಅದಕ್ಕೆ ತುಸು ಮೊದಲೇ ಯಂತ್ರದ ಮೂಲಕ ಕೊಂಡು ಮಾರುವ ಕೇಂದ್ರ ವಿನಿಮಯ ಕಟ್ಟೆ ಬಂದಿತ್ತು. ಕೂಗಿ ಮಾರುವ ಸಂತೆ ಅಲ್ಲಿಗೆ ಬರಿದಾಯಿತು. ಗೆಳೆಯನಿಗೆ ಒಂದು ಕತ್ತಿ ಉಡುಗೊರೆ ಕೊಡುವುದೂ ಕಷ್ಟವಾಯಿತು. ನಾವು ಮೂವರೂ ಬಿಟ್ಟದ್ದು ಆಗಲೇ. ಆ ನಿರ್ಬಂಧಗಳನ್ನು 2011ರಲ್ಲಿ ತೆಗೆದರು. ಆದರೆ 2012ರಲ್ಲಿ ಬಹುಮಾನಗಳ ಒಂದು ಚಕ್ರ ಬಂತು. ಅದನ್ನು ತಿರುಗಿಸುವ ಸರದಿಯನ್ನು ಹಣ ಕೊಟ್ಟು ಕೊಳ್ಳಬಹುದಾಗಿತ್ತು. ಹಣದ ದಂಧೆಯನ್ನು ಹೊರಗಟ್ಟಲು ಸಂತೆಯನ್ನೇ ಕೆಡವಿದ ಕೈಗಳೇ ಐದು ವರ್ಷದೊಳಗೆ ಅದೃಷ್ಟದ ಚಕ್ರ ನಿಲ್ಲಿಸಿದವು. ಜಗತ್ತಿನ ಆಟಗಳೆಲ್ಲ ಸಾಗಿದ ದಾರಿ ಇದೇ. ಮೊಬೈಲ್ ಬಂದ ಮೇಲೆ ಆ ದಾರಿ ಇಳಿಜಾರಾಯಿತು.

ಆ ಇಳಿಜಾರಿನಲ್ಲಿ ಜಾರಿದವರಲ್ಲಿ ಹನೂರಿನ ನಮ್ಮ ಗೆಳೆಯನೂ ಒಬ್ಬ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು ಹೊತ್ತು ಹೋಗದೆ ಫೋನಿನಲ್ಲಿ ರಮ್ಮಿ ಆಡತೊಡಗಿದ. ಮೊದಲು ನೂರು, ಇನ್ನೂರು. ಆಮೇಲೆ ಎರಡು ಹಸು ಮಾರಿದ ಹಣ. ಆಮೇಲೆ ಹೆಂಡತಿಯ ಸರ. ಅದನ್ನು ನನಗೆ ಹೇಳಿಕೊಳ್ಳಲು ಅವನಿಗೆ ಎರಡು ವರ್ಷ ಬೇಕಾಯಿತು. ಹೇಳಿದಾಗ ಅವನಾಡಿದ ಒಂದು ಮಾತು ಮರೆಯುವಂತಿಲ್ಲ: ‘ಅಲ್ಲಿ ನನ್ ಎದ್ರು ಯಾರ್ ಕೂತವ್ರೆ ಅಂತಲೇ ಗೊತ್ತಾಗ್ತಿರ್ಲಿಲ್ಲ ಕನ್ಲಾ. ಒಬ್ನೂ ಮಾತಾಡ್ತಿರ್ಲಿಲ್ಲ.’ ಸಾವಿರಾರು ಜನರ ಗದ್ದಲದಲ್ಲಿ ಆಡಿ ಬೆಳೆದವನು ರಾತ್ರಿ ಕಂಬಳಿಯೊಳಗೆ ಒಬ್ಬನೇ, ಮಾತಿಲ್ಲದೆ, ಹಸುಗಳನ್ನು ಸೋತ.

ಆದ್ದರಿಂದ ಹೊಸ ಕಾಯ್ದೆಯ ನಿಷೇಧವನ್ನು ನಾನು ಸ್ವಾಗತಿಸುತ್ತೇನೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳಿಗೆ ತಡೆಯೊಡ್ಡಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ತರ್ಕದಲ್ಲೇ ಎಲ್ಲ ಸಿಕ್ಕಿಕೊಂಡಿತ್ತು. ಕೇಂದ್ರದ ಕಾಯ್ದೆ ಆ ಗಂಟನ್ನು ಕತ್ತರಿಸಿದೆ: ಕೌಶಲವಿರಲಿ ಇಲ್ಲದಿರಲಿ, ಗೆದ್ದು ಹಣ ಪಡೆಯುವ ಆಸೆಯಿಂದ ಹಣ ಕಟ್ಟುವ ಆಟ ನಿಷಿದ್ಧ. ಆಡಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳೆಂಬ ಬೇರೆ ವರ್ಗಗಳನ್ನು ಗುರುತಿಸಿ, ಅವನ್ನು ಉತ್ತೇಜಿಸುವ ಮಾತನ್ನೂ ಆಡುತ್ತದೆ. ಸುದ್ದಿಯಲ್ಲಿ ಬಂದದ್ದು ನಿಷೇಧ ಮಾತ್ರ. ಹೆಸರಿನ ಮೊದಲಿಗಿರುವ ‘ಉತ್ತೇಜನ’ವನ್ನು ಯಾರೂ ಗಮನಿಸಿದಂತಿಲ್ಲ.

ಉತ್ತೇಜನವೆಂದರೆ ಬೆಂಗಳೂರಿನ ಕಂಪನಿಗಳಿಗೆ ರಿಯಾಯಿತಿ ಎಂದೇ ನಮ್ಮವರು ತಿಳಿಯುತ್ತಾರೆ. ಹನೂರಿನ, ಯಳಂದೂರಿನ ಹುಡುಗ ಹುಡುಗಿಯರು ಕೂಡಿ ಆಡಲು ಇಂದು ಜಾಗವೆಲ್ಲಿದೆ? ನಮ್ಮ ಸೈಬರ್ ಸೆಂಟರ್ ಮುಚ್ಚಿ ವರ್ಷಗಳಾದವು. ಅಲ್ಲಿ ಕತ್ತಲಿತ್ತು, ಧೂಳಿತ್ತು, ಹುಡುಗಿಯರು ಬರುತ್ತಲೇ ಇರಲಿಲ್ಲ ಎಂಬ ದೊಡ್ಡ ಕೊರತೆಯೂ ಇತ್ತು. ಆದರೆ ಹಿಂದೆ ನಿಂತು ನೋಡುವ ಮೂರನೆಯವನಿದ್ದ. ಗಂಟೆ ಮುಗಿಯಿತೆಂದು ಗದರುವ ಮಾಲೀಕರಿದ್ದರು. ಒಬ್ಬನೇ ಮುಳುಗಿಹೋಗಲು ಅಲ್ಲಿ ಅವಕಾಶವಿರಲಿಲ್ಲ. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರ್‌ಗಳೂ ಬಂದಿವೆ. ವಾರಕ್ಕೆರಡು ಸಂಜೆ ಅಲ್ಲಿ ಮಕ್ಕಳು, ಗ್ರಂಥಪಾಲಕರ ಕಣ್ಣಳತೆಯಲ್ಲಿ, ಹಣವಿಲ್ಲದ ಆಟಗಳನ್ನು ಕೂಡಿ ಆಡಲಿ. ಚೌಕಾಬಾರದ ಮಣೆಯೂ ಪಕ್ಕದಲ್ಲಿರಲಿ. ಇದಕ್ಕೆ ಹೊಸ ಯೋಜನೆಯಾಗಲಿ ಶಂಕುಸ್ಥಾಪನೆಯಾಗಲಿ ಬೇಡ. ‘ಇಲ್ಲಿ ಆಟ ಆಡಬಾರದು’ ಎಂಬ ಫಲಕವಿದ್ದಲ್ಲಿ ಅದನ್ನು ತೆಗೆದರೆ ಅರ್ಧ ಕೆಲಸವಾದಂತೆ. ಮುಂದೊಂದು ದಿನ ಹಲಗೂರಿನ ಕಬ್ಬಿಣದ ಭಿಕ್ಷೆಯೂ ಕನ್ನಡದಲ್ಲೇ ಆಡುವ ಆಟವಾದೀತು. ಈ ಸೀಮೆಯ ಕಾವ್ಯಗಳಲ್ಲಿ ಅಂಥ ನೂರು ಆಟಗಳಿಗಾಗುವಷ್ಟು ಸರಕಿದೆ.

ನಮ್ಮ ಆಟದಿಂದ ನಷ್ಟವೇ ಆಗಲಿಲ್ಲವೆಂದು ನಾನು ವಾದಿಸಲಾರೆ. ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನ್ನ ಗಣಿತ ಹೋಯಿತು. ಅಂಗಡಿ ಸಾಮಾನಿನ ಚಿಲ್ಲರೆಯಲ್ಲಿ ಐದು ಹತ್ತು ರೂಪಾಯಿ ಮಾಯವಾಗುತ್ತಿದ್ದದ್ದು ಅಮ್ಮನಿಗೆ ಗೊತ್ತಿತ್ತೆಂದು ಈಗ ಗೊತ್ತಾಗಿದೆ. ಹೊತ್ತೂ ಬೆಲೆಯುಳ್ಳದ್ದೇ. ಆದರೆ ಹೊತ್ತಿಗೆ ಒಂದು ಗುಣವಿದೆ: ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕಳೆಯಲು ಅದು ಬಿಡುವುದಿಲ್ಲ, ಸಾಲವಾಗಿಯೂ ಸಿಗುವುದಿಲ್ಲ.

2013ರಲ್ಲಿ ಒಂದು ವಿಚಿತ್ರ ನಡೆಯಿತು. 2007ರ ಆಗಸ್ಟ್‌ನಲ್ಲಿ ತೆಗೆದಿಟ್ಟಿದ್ದ ಆಟದ ಒಂದು ಪ್ರತಿ ಕಂಪನಿಯ ಬಳಿ ಉಳಿದಿತ್ತು. ಅದನ್ನು ಮತ್ತೆ ತೆರೆಯಬೇಕೇ ಎಂಬ ಮತದಾನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಹೀಗೆ ಹಳೆಯ ನಾಡು ಮರಳಿತು: ಅದೇ ಕೋಟೆ, ಅದೇ ರಾಟೆ, ಅದೇ ದೋಣಿ. ಹೊಸದೇನನ್ನು ಸೇರಿಸಬೇಕಾದರೂ ಆಟಗಾರರಲ್ಲಿ ಶೇ 75ರಷ್ಟು ಮಂದಿಯ ಒಪ್ಪಿಗೆ ಬೇಕೆಂಬ ನಿಯಮವನ್ನೂ ಆಗ ಮಾಡಿದರು. 2015ರಲ್ಲಿ ಹಣ ಕೊಟ್ಟು ಕೊಳ್ಳುವ ‘ಬಾಂಡ್’ ಕೂಡ ಅಲ್ಲಿಗೆ ಬಂತು. ಪೂರ್ತಿ ಮಡಿಯ ನಾಡೇನೂ ಅಲ್ಲ. ಮರಳಿದ್ದು ನೆಲ ಮಾತ್ರ. ಎಲ್ಲರೂ ಬರಿಗೈಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ನಾರ್ವೆಯವನು ಎಲ್ಲಿದ್ದಾನೋ. ಯಳಂದೂರಿನ ಗೆಳೆಯ ಈಗ ಇಬ್ಬರು ಮಕ್ಕಳ ತಂದೆ, ಆಟಕ್ಕೆ ಪುರುಸೊತ್ತಿಲ್ಲ ಎನ್ನುತ್ತಾನೆ.

2018ರ ಅಕ್ಟೋಬರ್‌ನಿಂದ ಅದು ಫೋನಿನಲ್ಲೂ ಸಿಗುತ್ತದೆ. ರಮ್ಮಿ ಬಿಟ್ಟ ಮೇಲೆ ಹನೂರಿನ ಗೆಳೆಯ ಒಂದು ದಿನ ತಾನಾಗಿ ಕರೆ ಮಾಡಿ, ‘ಕಡಲೇಡಿ ಹಿಡಿಯೋಕ್ ಬತ್ತೀಯೇನ್ಲಾ?’ ಎಂದು ಕೇಳಿದ. ಈಗ ಭಾನುವಾರ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಇಬ್ಬರೂ ಕರಮ್ಜಾದ ದಡದಲ್ಲಿ ನಿಲ್ಲುತ್ತೇವೆ. ಮಳೆ, ಮುಸುಕಿನ ಜೋಳ, ಆನೆ ಕಾಟ, ಮಗಳ ಶಾಲೆ, ಇವೇ ಮಾತು. ಮೊನ್ನೆ ನೀರು ಕುಡಿಯಲು ಎದ್ದ ಅಪ್ಪ ನನ್ನ ಫೋನಿನತ್ತ ಬಗ್ಗಿ ನೋಡಿ, ‘ಎಷ್ಟ್ ಹೋಯ್ತು?’ ಎಂದರು. ‘30 ನಾಣ್ಯ, ದೋಣಿಗೆ’ ಎಂದೆ. ಅವರು ಕ್ಷಣಕಾಲ ಸುಮ್ಮನಿದ್ದು, ‘ಅಂಚು ಕಟ್ಕೊಡೋನು ಸಿಕ್ಕಿದ್ನಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಲಗಲು ಹೋದರು.